ಠರಾವು ಪುಸ್ತಕದ ಸುತ್ತ ಬೆಳೆಯುವ ನಾಯಕತ್ವ

ತಂಡವನ್ನು ಮುನ್ನಡೆಸುವ ಶಕ್ತಿ ಕೆಲವರಿಗೆ ಹುಟ್ಟಿನಿಂದಲೇ ಬರುತ್ತದೆ ಎಂಬ ನಂಬಿಕೆ ಇಂದಿಗೂ ಬಲವಾಗಿದ್ದು, ಗಟ್ಟಿ ದನಿ, ಮನೆತನದ ಹೆಸರು, ನಾಲ್ಕಕ್ಷರದ ಓದು ಉಳ್ಳವರನ್ನೇ ಮುಂದೆ ನಿಲ್ಲಿಸುವ ರೂಢಿ ಊರ ಜಾತ್ರಾ ಸಮಿತಿಯಿಂದ ದೊಡ್ಡ ಕಚೇರಿಗಳವರೆಗೆ ಎಲ್ಲೆಡೆ ಕಾಣುತ್ತದೆ. ಬೀದರ್ ಜಿಲ್ಲೆಯಲ್ಲಿ, ಬಗದಲ್ ಕಡೆಯ ಹಳ್ಳಿಗಳಿಂದ ಹಿಡಿದು ಭಾಲ್ಕಿ, ಔರಾದ್‌ವರೆಗೆ, ಬೇರೂರಿರುವ ಮಹಿಳಾ ಸ್ವಸಹಾಯ ಸಂಘಗಳು ಈ ನಂಬಿಕೆಗೆ ಸದ್ದಿಲ್ಲದೆ ಉತ್ತರ ಕೊಟ್ಟಿವೆ. ಹೊಲದ ಕೆಲಸ ಮುಗಿಸಿ ಬಂದ ಹದಿನೈದು ಹೆಂಗಸರು ವಾರಕ್ಕೊಮ್ಮೆ ಒಂದೆಡೆ ಕುಳಿತು ಹಣ ಎಣಿಸುವಾಗ, ಸಾಲ ಕೊಡುವಾಗ, ಜಗಳ ಬಗೆಹರಿಸುವಾಗ ಕಲಿಯುವುದು ಮುಖ್ಯವಾಗಿ ತಂಡ ನಡೆಸುವ ವಿದ್ಯೆಯನ್ನೇ.

ಈ ವಿದ್ಯೆಗೆ ಇಂದು ‘ಮೃದು ಕೌಶಲ’ ಅಥವಾ ‘ಸಾಫ್ಟ್ ಸ್ಕಿಲ್’ ಎಂಬ ಹೆಸರಿದೆ. ಈ ಮಾತು ಬಳಕೆಗೆ ಬಂದದ್ದು ಅಮೆರಿಕದ ಸೈನ್ಯದಲ್ಲಿ ಎಂಬುದು ಕುತೂಹಲದ ಸಂಗತಿ. ಟ್ಯಾಂಕು, ಬಂದೂಕುಗಳಂತಹ ಯಂತ್ರಗಳನ್ನು ಬಳಸುವ ತರಬೇತಿಯನ್ನು ಹೇಗೆ ಕೊಡಬೇಕೆಂಬುದು ಸೈನ್ಯಕ್ಕೆ ಚೆನ್ನಾಗಿ ಗೊತ್ತಿದ್ದರೂ, ಯಂತ್ರದ ನೆರವಿಲ್ಲದೆ ಜನರೊಡನೆ ನಡೆಸಬೇಕಾದ ಕೆಲಸವನ್ನು ಕಲಿಸುವ ಬಗೆ ಸ್ಪಷ್ಟವಿರಲಿಲ್ಲವಾದ್ದರಿಂದ, 1972ರಲ್ಲಿ ಅದಕ್ಕಾಗಿಯೇ ಒಂದು ಸಮ್ಮೇಳನ ನಡೆಯಿತು. ಹೆಸರಿನಲ್ಲಿ ‘ಮೃದು’ ಎಂದಿದ್ದರೂ ಇದು ಸುಲಭದ ಕೌಶಲವಲ್ಲ. ಕಿವಿಗೊಟ್ಟು ಕೇಳುವುದು, ತಿಳಿಯುವಂತೆ ಹೇಳುವುದು, ಮನಸ್ತಾಪವನ್ನು ಬೆಳೆಯಗೊಡದಿರುವುದು, ಕೆಲಸ ಹಂಚುವುದು, ಲೆಕ್ಕ ಒಪ್ಪಿಸುವುದು, ಹೊತ್ತಿಗೆ ಸರಿಯಾಗಿ ನಡೆದುಕೊಳ್ಳುವುದು ಇವೆಲ್ಲ ಇದರ ಅಂಗಗಳಾಗಿದ್ದು, ಇವುಗಳಲ್ಲಿ ಯಾವುದೂ ಬರೀ ಪುಸ್ತಕ ಓದಿದರೆ ಕೈಗೆ ಹತ್ತುವುದಿಲ್ಲ.

ಸಂಘಗಳ ಹಿನ್ನೆಲೆ

ಸ್ವಸಹಾಯ ಸಂಘದ ಕಲ್ಪನೆಗೆ ಕರ್ನಾಟಕದೊಡನೆ ಹತ್ತಿರದ ನಂಟಿದೆ. 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆಯು 1980ರ ದಶಕದ ನಡುಭಾಗದಲ್ಲಿ, ದೊಡ್ಡ ಸಹಕಾರ ಸಂಘಗಳಿಂದ ಹೊರಬಂದು ತಮ್ಮ ತಮ್ಮಲ್ಲೇ ನಂಬಿಕೆಯುಳ್ಳ ಸಣ್ಣ ಗುಂಪುಗಳಾಗಿ ಕೂಡಿಕೊಂಡಿದ್ದ ಬಡವರನ್ನು ಗಮನಿಸಿ, ಅಂತಹ ಗುಂಪುಗಳನ್ನೇ ಬೆಳೆಸತೊಡಗಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ಬೀದರಿನಲ್ಲಿ, 1922ರಲ್ಲಿ ಸ್ಥಾಪನೆಯಾದ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕು, ಅಂದರೆ ಜನರ ಬಾಯಲ್ಲಿನ ಡಿಸಿಸಿ ಬ್ಯಾಂಕು, ಗುರುಪಾದಪ್ಪ ನಾಗಮಾರಪಳ್ಳಿ ಅವರ ನೇತೃತ್ವದಲ್ಲಿ ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಮೂಲಕವೇ ಮಹಿಳಾ ಗುಂಪುಗಳನ್ನು ಕಟ್ಟಿ ಸಾಲ ಕೊಡುವ ಹಾದಿ ಹಿಡಿದದ್ದು, ಸಹಕಾರ ವಲಯದಲ್ಲಿ ಹೊರಗಿನವರೂ ಬಂದು ನೋಡುವಂತಹ ಮಾದರಿಯಾಯಿತು. ಮುಂದೆ 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ, 2010ರ ದಶಕದಲ್ಲಿ ಸಂಜೀವಿನಿ ಯೋಜನೆ ಈ ಜಾಲವನ್ನು ಇನ್ನಷ್ಟು ಹರಡಿದವು. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಇಂತಹ ಗುಂಪುಗಳಿಗೆ ‘ಬಚತ್ ಗಟ’ ಎಂಬ ಹೆಸರು ಬಳಕೆಯಲ್ಲಿದೆ.

ಗುಂಪಿನ ಗಾತ್ರವೇ ನಾಯಕತ್ವದ ಮೊದಲ ಪಾಠ. ಹತ್ತರಿಂದ ಇಪ್ಪತ್ತು ಸದಸ್ಯರು ಎಂಬ ಮಿತಿಗೆ, ನೋಂದಣಿಯಿಲ್ಲದ ಕೂಟದಲ್ಲಿ 20ಕ್ಕಿಂತ ಹೆಚ್ಚು ಜನ ವ್ಯವಹಾರ ನಡೆಸುವಂತಿಲ್ಲವೆಂದು ಹೇಳುತ್ತಿದ್ದ 1956ರ ಕಂಪನಿ ಕಾಯ್ದೆಯ ಅಂದಿನ ನಿಯಮ ಒಂದು ಕಾರಣವಾದರೆ, ಎಲ್ಲರೂ ಎಲ್ಲರ ಮುಖ ನೋಡಿ ಮಾತನಾಡಬಲ್ಲ ಸಂಖ್ಯೆ ಅಷ್ಟೇ ಎಂಬುದು ಇನ್ನೊಂದು ಕಾರಣ. ಹದಿನೈದು ಜನ ವಾರಕ್ಕೆ 50 ರೂಪಾಯಿಯಂತೆ ಉಳಿಸಿದರೆ ವಾರಕ್ಕೆ 750, ವರ್ಷಕ್ಕೆ 39,000 ರೂಪಾಯಿ ಸೇರುತ್ತದೆ. ಈ ಹಣವನ್ನು ಯಾರಿಗೆ, ಯಾವ ಕಾರಣಕ್ಕೆ, ಎಷ್ಟು ದಿನಕ್ಕೆ ಕೊಡಬೇಕೆಂದು ತೀರ್ಮಾನಿಸುವಾಗಲೇ ಮೃದು ಕೌಶಲದ ನಿಜವಾದ ಪರೀಕ್ಷೆ ಆರಂಭವಾಗುತ್ತದೆ.

ಸಭೆಯ ಕಟ್ಟುಪಾಡು

ಸಂಘಗಳು ‘ಪಂಚಸೂತ್ರ’ವೆಂದು ಕರೆಯುವ ಐದು ನಿಯಮಗಳಿವೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಸದಸ್ಯರೊಳಗೆ ಸಾಲದ ಕೊಡುಕೊಳ್ಳು, ಸಕಾಲದ ಮರುಪಾವತಿ, ತಪ್ಪದ ಲೆಕ್ಕ ಬರಹ. ಮೇಲ್ನೋಟಕ್ಕೆ ಇವು ಹಣಕಾಸಿನ ನಿಯಮಗಳಾದರೂ, ಒಳಹೊಕ್ಕು ನೋಡಿದರೆ ಪ್ರತಿಯೊಂದೂ ಮನುಷ್ಯ ಸಂಬಂಧದ ಒಂದೊಂದು ಕೌಶಲವನ್ನು ಅಭ್ಯಾಸ ಮಾಡಿಸುತ್ತದೆ. ಎಲ್ಲರೂ ದುಂಡಗೆ ಚಾಪೆಯ ಮೇಲೆ ಕುಳಿತುಕೊಳ್ಳುವುದರಿಂದ ಮೇಲು ಪೀಠವೆಂಬುದೇ ಉಳಿಯುವುದಿಲ್ಲ. ಅಂದಿನ ಉಳಿತಾಯ, ಬಾಕಿ, ಕೈಯಲ್ಲಿರುವ ನಗದನ್ನು ಗಟ್ಟಿಯಾಗಿ ಓದಿ ಹೇಳುವುದರಿಂದ ಅಕ್ಷರ ಬಾರದ ಸದಸ್ಯೆಗೂ ಲೆಕ್ಕದ ಮೇಲೆ ಹಿಡಿತ ಸಿಗುತ್ತದೆ. ತೀರ್ಮಾನವನ್ನು ಠರಾವು ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಪಡೆಯುವುದರಿಂದ, ಒಮ್ಮೆ ಒಪ್ಪಿದ ಮಾತಿಗೆ ಎಲ್ಲರೂ ಹೊಣೆಯಾಗುತ್ತಾರೆ. ಬ್ಯಾಂಕಿನ ಖಾತೆಯನ್ನು ಇಬ್ಬರು ಪ್ರತಿನಿಧಿಗಳ ಜಂಟಿ ಸಹಿಯಿಂದ ನಡೆಸುವುದರಿಂದ ಅನುಮಾನಕ್ಕೆ ಎಡೆ ಕಡಿಮೆಯಾಗುತ್ತದೆ. ಸಂಘದ ಮುಂದಾಳನ್ನು ಅಧ್ಯಕ್ಷೆ ಎನ್ನದೆ ‘ಪ್ರತಿನಿಧಿ’ ಎಂದು ಕರೆಯುವ ರೂಢಿಯಲ್ಲೂ ಅರ್ಥವಿದ್ದು, ಆಕೆ ಆಳುವವಳಲ್ಲ, ಉಳಿದವರ ಪರವಾಗಿ ನಿಲ್ಲುವವಳು ಎಂಬುದನ್ನು ಆ ಪದವೇ ನೆನಪಿಸುತ್ತದೆ.

ಕೇಳಿಸಿಕೊಳ್ಳುವ ಕೌಶಲವನ್ನು ಒಂದು ಸಾಮಾನ್ಯ ಸನ್ನಿವೇಶದಲ್ಲಿ ನೋಡಬಹುದು. ಸದಸ್ಯೆಯೊಬ್ಬಳು ಮೂರು ವಾರ ಕಂತು ಕಟ್ಟದೆ ಸಭೆಗೂ ಬಾರದೆ ಉಳಿದಾಗ, ಅನುಭವವಿಲ್ಲದ ಪ್ರತಿನಿಧಿ ನಾಲ್ಕನೆಯ ವಾರ ಎಲ್ಲರೆದುರು ಬಾಕಿಯ ಮೊತ್ತವನ್ನು ಎತ್ತಿ ಹೇಳಿ ನಾಚಿಕೆಪಡಿಸುತ್ತಾಳೆ. ಮರುವಾರದಿಂದ ಆ ಸದಸ್ಯೆಯ ಜೊತೆಗೆ ಅವಳ ಓಣಿಯ ಇನ್ನಿಬ್ಬರೂ ಬರುವುದನ್ನು ನಿಲ್ಲಿಸುತ್ತಾರೆ. ಪಳಗಿದ ಪ್ರತಿನಿಧಿಯಾದರೆ ಸಭೆಗೆ ಮುನ್ನ ಅವಳ ಮನೆಗೆ ಹೋಗಿ, ‘ವೈನಿ, ಯಾಕ ಬಂದಿಲ್ಲ, ಮನ್ಯಾಗ ಏನರ ತೊಂದ್ರಿ ಅದ ಏನು?’ ಎಂದು ಕೇಳುತ್ತಾಳೆ. ಸೋಯಾ ರಾಶಿಯ ಹಣ ಇನ್ನೂ ಕೈಸೇರಿಲ್ಲವೋ, ಮಗುವಿನ ಆಸ್ಪತ್ರೆ ಖರ್ಚು ಬಂದಿದೆಯೋ, ಅಥವಾ ಗಂಡ ಹಣ ಕಸಿದುಕೊಂಡಿದ್ದಾನೋ ಎಂಬುದು ತಿಳಿದರೆ ಮಾತ್ರ ಕಂತನ್ನು ಮುಂದೂಡಬೇಕೋ, ಬಿಗಿಯಾಗಿ ಕೇಳಬೇಕೋ ಎಂಬುದು ಸ್ಪಷ್ಟವಾಗುತ್ತದೆ. ಸೋಯಾ, ತೊಗರಿ, ಉದ್ದುಗಳನ್ನು ನಂಬಿದ ಈ ಸೀಮೆಯಲ್ಲಿ ಆದಾಯವೆಲ್ಲ ಸುಗ್ಗಿಯಲ್ಲಿ ಒಮ್ಮೆಲೇ ಬಂದು ಉಳಿದ ತಿಂಗಳು ಕೈ ಬರಿದಾಗಿರುವುದರಿಂದ, ಬೆಳೆಯ ಕಾಲವನ್ನು ಅರಿಯದವರು ಸಾಲದ ಕಾಲವನ್ನೂ ಅರಿಯಲಾರರು.

ಭಾಷೆಯ ಸೂಕ್ಷ್ಮವೂ ಇಲ್ಲಿ ಕೌಶಲದ ಭಾಗವೇ. ಬೀದರಿನಲ್ಲಿ ಕನ್ನಡ, ಉರ್ದು, ತೆಲುಗು ಒಂದೇ ಓಣಿಯಲ್ಲಿ ಕೇಳಿಬಂದರೆ, ಔರಾದ್, ಭಾಲ್ಕಿಗಳ ಅನೇಕ ಮನೆಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ ಮನೆಮಾತಾಗಿದೆ. ಹೀಗಿರುವಾಗ ಕನ್ನಡದಲ್ಲಿ ಬರೆದ ಠರಾವನ್ನು ಓದಿ ಮುಗಿಸಿದರೆ ಸಾಲದು. ತಲೆಯಾಡಿಸಿದವರೆಲ್ಲರಿಗೂ ಅರ್ಥವಾಗಿದೆಯೇ ಎಂಬುದನ್ನು ಅವರ ಮಾತಿನಲ್ಲೇ ಮರಳಿ ಕೇಳಿ ಖಚಿತಪಡಿಸಿಕೊಳ್ಳುವವಳೇ ಒಳ್ಳೆಯ ಪ್ರತಿನಿಧಿ.

ಜಗಳವೂ ಒಂದು ಹಂತ

ಹೊಸ ಸಂಘಗಳಲ್ಲಿ ಕೆಲವು ತಿಂಗಳ ನಂತರ ಮನಸ್ತಾಪ ತಲೆಯೆತ್ತುವುದನ್ನು ಕಂಡು ಅನೇಕರು ಸಂಘ ಮುರಿಯಿತೆಂದೇ ಭಾವಿಸುತ್ತಾರೆ. ಅಮೆರಿಕದ ಮನೋವಿಜ್ಞಾನಿ ಬ್ರೂಸ್ ಟಕ್ಮನ್ 1965ರಲ್ಲಿ ತಂಡಗಳ ಬೆಳವಣಿಗೆಯನ್ನು ನಾಲ್ಕು ಹಂತಗಳಲ್ಲಿ ವಿವರಿಸಿದರು. ಅವನ್ನು ಕನ್ನಡದಲ್ಲಿ ಕೂಡುವ ಹಂತ, ಕೆರಳುವ ಹಂತ, ಕಟ್ಟಳೆಗೆ ಒಗ್ಗುವ ಹಂತ, ಕೆಲಸ ಸಾಗುವ ಹಂತ ಎನ್ನಬಹುದು. ಆರಂಭದ ಸಂಕೋಚ ಕಳೆದು ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಹೇಳತೊಡಗಿದಾಗ ಘರ್ಷಣೆ ಸಹಜವಾದ್ದರಿಂದ, ಅದನ್ನು ಅದುಮಿಡುವುದಕ್ಕಿಂತ ನಿಯಮದ ಚೌಕಟ್ಟಿಗೆ ತರುವುದೇ ನಾಯಕಿಯ ಕೆಲಸ. ಅದೇ ರೀತಿ ಎಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದಾಗ, ಉತ್ತಮ ನಾಯಕತ್ವವಿದ್ದ ತಂಡಗಳಲ್ಲೇ ಔಷಧಿ ನೀಡಿಕೆಯ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದವು. ಅಲ್ಲಿನವರು ತಪ್ಪನ್ನು ಹೆಚ್ಚು ಮಾಡುತ್ತಿದ್ದರು ಎನ್ನುವುದಕ್ಕಿಂತ, ಮುಚ್ಚಿಡದೆ ಹೇಳುವ ಧೈರ್ಯ ಅವರಿಗಿತ್ತು ಎಂಬುದು ಅದರ ವಿವರಣೆ. ‘ಲೆಕ್ಕ ತಪ್ಪಿದೆ’ ಎಂದು ಅತಿ ಕಿರಿಯ ಸದಸ್ಯೆಯೂ ಅಂಜಿಕೆಯಿಲ್ಲದೆ ಹೇಳಬಲ್ಲ ಸಂಘಕ್ಕೂ ಈ ಮಾತು ಸಲ್ಲುತ್ತದೆ.

ಬೀದರಿನ ಹಳೆಯ ಪಾಠ

ಇದೇ ನೆಲದ ಇತಿಹಾಸದಲ್ಲಿ ವ್ಯತಿರಿಕ್ತ ನಿದರ್ಶನವೊಂದಿದೆ. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್, 1472ರಲ್ಲಿ ಪೂರ್ಣಗೊಂಡ ಬೀದರಿನ ಮದರಸಾದಿಂದ ಇಂದಿಗೂ ಪರಿಚಿತನಾದವನು, ರಾಜ್ಯದ ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದು, ಪ್ರತಿ ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆ ಉಳಿಯುವಂತೆ ಮಾಡಿ, ಭೂಮಿಯ ಅಳತೆಗೂ ಕೈಹಾಕಿದ ದಕ್ಷ ಆಡಳಿತಗಾರನಾಗಿದ್ದ. ಅಧಿಕಾರ ಕಳೆದುಕೊಂಡ ಸರದಾರರ ಅಸಮಾಧಾನ, ಸ್ಥಳೀಯ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಅಫಾಕಿಗಳ ನಡುವಿನ ಬಣಜಗಳ ಎರಡೂ ಒಟ್ಟಾಗಿ, ಅವನ ಮುದ್ರೆ ಬಿದ್ದ ಖಾಲಿ ಕಾಗದದ ಮೇಲೆ ಶತ್ರುಗಳು ರಾಜದ್ರೋಹದ ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ಸರಿಯಾದ ವಿಚಾರಣೆ ನಡೆಸದೆ 1481ರಲ್ಲಿ ಅವನನ್ನು ಕೊಲ್ಲಿಸಿದ. ಮರುವರ್ಷ ತಾನೂ ಸತ್ತ. ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಸುಧಾರಣೆ ಎಷ್ಟೇ ಸರಿಯಿದ್ದರೂ ಅದರಿಂದ ನಷ್ಟ ಹೊಂದುವವರನ್ನು ಜೊತೆಗೆ ಒಯ್ಯದಿದ್ದರೆ ಹೇಗೆ, ಒಬ್ಬನ ಮುದ್ರೆಯ ಮೇಲೆ ಎಲ್ಲವೂ ನಿಂತರೆ ಹೇಗೆ, ಕೇಳಿಸಿಕೊಳ್ಳದೆ ತೀರ್ಪು ಕೊಟ್ಟರೆ ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಈ ಘಟನೆ ಒಟ್ಟಿಗೆ ಉತ್ತರಿಸುತ್ತದೆ. ಹಳ್ಳಿಯ ಸಂಘದ ಜಂಟಿ ಸಹಿ ಮತ್ತು ಬಹಿರಂಗ ಲೆಕ್ಕ ಎಷ್ಟು ಬೆಲೆಯುಳ್ಳವು ಎಂಬುದು ಅದರೆದುರು ಇಟ್ಟಾಗ ಮನವರಿಕೆಯಾಗುತ್ತದೆ.

ಎಚ್ಚರಿಕೆಯ ಮಾತು

ಸಂಘಗಳೆಲ್ಲ ಆದರ್ಶವಾಗಿವೆ ಎಂದಲ್ಲ. ಬರೆಯಬಲ್ಲ ಒಬ್ಬಳೇ ಪುಸ್ತಕಗಳನ್ನು ಮನೆಯಲ್ಲಿಟ್ಟುಕೊಂಡು, ದೊಡ್ಡ ಸಾಲವನ್ನು ತನಗೂ ತನ್ನವರಿಗೂ ಮೀಸಲಿಟ್ಟು, ವರ್ಷಗಟ್ಟಲೆ ಪ್ರತಿನಿಧಿಯಾಗಿ ಉಳಿಯುವ ಸಂಘದಲ್ಲಿ ಹೆಸರಷ್ಟೇ ಸಾಮೂಹಿಕ. ಸಾಲ ನೂರಕ್ಕೆ ನೂರು ಮರುಪಾವತಿಯಾದ ಮಾತ್ರಕ್ಕೆ ನಾಯಕತ್ವ ಚೆನ್ನಾಗಿದೆ ಎನ್ನುವಂತಿಲ್ಲ. ಭಯ ಹುಟ್ಟಿಸಿಯೂ ವಸೂಲಿ ಮಾಡಬಹುದು. ಖಾಸಗಿ ಕಿರುಸಾಲದ ವಸೂಲಿಯಲ್ಲಿ ಕಿರುಕುಳ ಮಿತಿಮೀರಿದ್ದರಿಂದಲೇ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು.

ಹಾಗಾದರೆ ಒಳ್ಳೆಯ ನಾಯಕತ್ವವನ್ನು ಅಳೆಯುವುದು ಹೇಗೆ? ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಅವರ ಸಹೋದ್ಯೋಗಿಗಳು ಹತ್ತು ವರ್ಷದ ಆಸುಪಾಸಿನ ಹುಡುಗರ ಗುಂಪುಗಳ ಮೇಲೆ ನಡೆಸಿ 1939ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಜ್ಞೆ ಮಾಡುವ ಮುಖಂಡ ಕೋಣೆಯಿಂದ ಹೊರಹೋದೊಡನೆ ಹುಡುಗರ ಕೆಲಸ ಕುಸಿಯಿತು. ಚರ್ಚಿಸಿ ನಡೆಸುವ ಮುಖಂಡನ ಗುಂಪಿನಲ್ಲಿ ಆತನಿಲ್ಲದಾಗಲೂ ಕೆಲಸ ಹೆಚ್ಚುಕಡಿಮೆ ಹಾಗೆಯೇ ಸಾಗಿತು. ಹಾಲಿನ ಸಂಘವಾಗಲಿ, ಶಾಲೆಯ ಶಿಕ್ಷಕರ ಕೊಠಡಿಯಾಗಲಿ, ಪಂಚಾಯಿತಿಯಾಗಲಿ, ಬೆಂಗಳೂರಿನ ಕಂಪನಿಯಾಗಲಿ, ಈ ಅಳತೆಗೋಲು ಎಲ್ಲೆಡೆಯೂ ಅನ್ವಯಿಸುತ್ತದೆ. ಪ್ರತಿನಿಧಿ ತವರಿಗೆ ಹೋದ ವಾರವೂ ಹೇಳಿದ ಹೊತ್ತಿಗೆ ಚಾಪೆ ಹಾಸಿ, ಲೆಕ್ಕ ಓದಿ, ಠರಾವು ಪುಸ್ತಕದ ಆ ವಾರದ ಪುಟ ತುಂಬಿದ್ದರೆ, ಆಕೆ ತನ್ನ ತಂಡವನ್ನು ಚೆನ್ನಾಗಿ ನಡೆಸಿದ್ದಾಳೆಂದೇ ಅರ್ಥ.