ಒಂದೇ ಕೀಲಿ ಸಾಲದು: ಕಚೇರಿಯ ಗಣಕಯಂತ್ರಕ್ಕೆ ಎರಡನೆಯ ಕಾವಲು

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಲ್ಪಟ್ಟವು. ಅನಂತರ ಕೆ.ಜಿ.ಎಫ್.ನ ಸಾವಿರಾರು ಕುಟುಂಬಗಳು ಜೀವನೋಪಾಯಕ್ಕಾಗಿ ಬೆಂಗಳೂರನ್ನು ನೆಚ್ಚಿಕೊಂಡಿವೆ. ಮಾರಿಕುಪ್ಪಂ, ಚಾಂಪಿಯನ್, ಊರ್‌ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ದಿನನಿತ್ಯ ಕೆಲಸಕ್ಕೆ ಹೋಗುವವರು ಅನೇಕರು. ಗಣಿ ಕಾರ್ಮಿಕನು ತನ್ನ ಕೆಲಸವನ್ನು ಗಣಿಯಲ್ಲೇ ಬಿಟ್ಟು ಬರುತ್ತಿದ್ದನು. ಇಂದಿನ ನೌಕರನ ಕಚೇರಿಯಾದರೋ ಮೊಬೈಲಿನ ಮೂಲಕ ರೈಲಿನೊಳಕ್ಕೂ ಬರುತ್ತದೆ. ಅದರ ಬೆನ್ನಿಗೇ ಕಳ್ಳನೂ ಬರಬಲ್ಲನು. ನಮ್ಮ ಕರಾವಳಿಯ ಚರ್ಚ್ ಕಚೇರಿ, ಶಾಲೆ, ಆಸ್ಪತ್ರೆಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ.

ಪಾಸ್‌ವರ್ಡ್ ಎಂಬುದು ಒಂದೇ ಕೀಲಿ. ಅದನ್ನು ಊಹಿಸಬಹುದು, ನಕಲಿ ಜಾಲತಾಣದಲ್ಲಿ ಬರೆಯಿಸಿಕೊಳ್ಳಬಹುದು, ಬೇರೆಲ್ಲೋ ಸೋರಿಹೋದುದನ್ನು ಇಲ್ಲಿ ಪ್ರಯೋಗಿಸಬಹುದು. ಆದ್ದರಿಂದ ಎರಡನೆಯ ಪುರಾವೆಯೊಂದು ಬೇಕು. ಪುರಾವೆಗಳಲ್ಲಿ ಮೂರು ಬಗೆ: ನಮಗೆ ತಿಳಿದಿರುವುದು (ಪಾಸ್‌ವರ್ಡ್, ಪಿನ್), ನಮ್ಮಲ್ಲಿ ಇರುವುದು (ಮೊಬೈಲ್, ಕಾರ್ಡ್), ನಾವೇ ಆಗಿರುವುದು (ಬೆರಳಚ್ಚು, ಮುಖ). ಬೇರೆ ಬೇರೆ ಬಗೆಯ ಎರಡನ್ನು ಕೇಳುವುದೇ ಬಹು ಅಂಶಗಳ ದೃಢೀಕರಣ. ಎರಡು ಪಾಸ್‌ವರ್ಡ್‌ಗಳನ್ನು ಇಟ್ಟರೆ ಸಾಲದು, ಅವೆರಡೂ ಒಂದೇ ಬಗೆಯವು. ಎ.ಟಿ.ಎಂ.ನಲ್ಲಿ ಕಾರ್ಡ್ ಹಾಕಿ ಪಿನ್ ಒತ್ತುವಾಗ ನಾವು ಮಾಡುವುದು ಇದನ್ನೇ. ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದಲೇ ಅಂತರ್ಜಾಲದ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ಕಡ್ಡಾಯಗೊಳಿಸಿತು.

ಧರ್ಮಸಭೆಗೆ ಈ ವಿವೇಕ ಹೊಸದಲ್ಲ. ಪವಿತ್ರ ನಾಡಿನ ನೆರವಿಗೆಂದು ಕಾಣಿಕೆ ಸಂಗ್ರಹಿಸಲು 1199ರಲ್ಲಿ ಜಗದ್ಗುರು ಮೂರನೇ ಇನ್ನೊಸೆಂಟರು ಪ್ರತಿ ಚರ್ಚಿನಲ್ಲಿ ಮೂರು ಕೀಲಿಗಳ ಪೆಟ್ಟಿಗೆ ಇಡುವಂತೆ ಆಜ್ಞಾಪಿಸಿದರು. ಒಂದು ಕೀಲಿ ಬಿಷಪರಲ್ಲಿ, ಒಂದು ಧರ್ಮಗುರುಗಳಲ್ಲಿ, ಇನ್ನೊಂದು ಭಕ್ತ ಶ್ರೀಸಾಮಾನ್ಯನೊಬ್ಬನಲ್ಲಿ. ಯಾರ ಮೇಲೂ ಸಂಶಯಪಟ್ಟು ಮಾಡುವ ಕೆಲಸವಲ್ಲ ಇದು. ಜನರ ಕಾಣಿಕೆಗೆ ತೋರುವ ಗೌರವ.

ಎರಡನೆಯ ಪುರಾವೆಯಾಗಿ ಎಸ್.ಎಂ.ಎಸ್.ನಲ್ಲಿ ಬರುವ ಓ.ಟಿ.ಪಿ. ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು. ಆದರೆ ನಮ್ಮ ಹೆಸರಿನಲ್ಲಿ ಬದಲಿ ಸಿಮ್ ಪಡೆದವನಿಗೆ ಅದೂ ದಕ್ಕುತ್ತದೆ. ಅಥೆಂಟಿಕೇಟರ್ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ತೋರಿಸುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಯೂ ಅದು ನಡೆಯುತ್ತದೆ. ಇವೆರಡಕ್ಕಿಂತಲೂ ಭದ್ರವಾದುದು ಪಾಸ್‌ಕೀ. ಅದು ಅಸಲಿ ಜಾಲತಾಣಕ್ಕೆ ಮಾತ್ರ ಉತ್ತರಿಸುವುದರಿಂದ ನಕಲಿ ತಾಣದವರಿಗೆ ಏನೂ ಸಿಗುವುದಿಲ್ಲ.

ನಮ್ಮ ಚರ್ಚ್ ಕಚೇರಿಗಳಿಗೆ ಒಂದು ವಿಶೇಷ ತೊಡಕಿದೆ. ಧರ್ಮಗುರುಗಳಿಗೆ ವರ್ಗಾವಣೆಯಾಗುತ್ತದೆ. ಕಚೇರಿಯ ಇ-ಮೇಲ್ ಅವರ ಸ್ವಂತ ಮೊಬೈಲಿಗೆ ಜೋಡಿಸಲ್ಪಟ್ಟಿದ್ದರೆ ಓ.ಟಿ.ಪಿ. ಅವರ ಜೊತೆಗೇ ಹೊಸ ಊರಿಗೆ ಹೋಗುತ್ತದೆ, ಹೊಸಬರು ಬಾಗಿಲಲ್ಲೇ ನಿಲ್ಲುತ್ತಾರೆ. ಈ ರಗಳೆಗೆ ಹೆದರಿ ಎರಡನೆಯ ಕಾವಲನ್ನೇ ತೆಗೆದುಹಾಕುವುದು ಸರಿಯಲ್ಲ. ಇಷ್ಟನ್ನು ಮಾಡೋಣ:

1. ಕಚೇರಿಯ ಹೆಸರಿನಲ್ಲೇ ಒಂದು ಮೊಬೈಲ್ ಸಂಖ್ಯೆ ಇರಲಿ.
2. ಗುಮಾಸ್ತರು, ಧರ್ಮಗುರುಗಳು, ಖಜಾಂಚಿ ಸಾಧ್ಯವಿದ್ದಲ್ಲೆಲ್ಲ ಪ್ರತ್ಯೇಕ ಖಾತೆಗಳನ್ನು ಬಳಸಲಿ.
3. ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ, ಲಕೋಟೆಯಲ್ಲಿ ಮುಚ್ಚಿ, ತಿಜೋರಿಯಲ್ಲಿಡಿ. ಒಂದು ಕೋಡ್ ಒಮ್ಮೆ ಮಾತ್ರ ಉಪಯೋಗಕ್ಕೆ ಬರುತ್ತದೆ.
4. ಅಧಿಕಾರ ಹಸ್ತಾಂತರದ ದಿನ ದಾಖಲೆ ಪುಸ್ತಕಗಳ ಜೊತೆ ಖಾತೆಗಳನ್ನೂ ಹಸ್ತಾಂತರಿಸಿ, ಹಳೆಯ ಮೊಬೈಲನ್ನು ಅವುಗಳಿಂದ ತೆಗೆದುಹಾಕಿ.

ಎಷ್ಟೇ ಬೀಗ ಹಾಕಿದರೂ ಬಾಗಿಲನ್ನು ನಾವೇ ತೆರೆದರೆ ಪ್ರಯೋಜನವಿಲ್ಲ. ಬ್ಯಾಂಕಿನವರೆಂದಾಗಲಿ, ಧರ್ಮಾಧ್ಯಕ್ಷರ ಕಚೇರಿಯವರೆಂದಾಗಲಿ ಹೇಳಿಕೊಂಡು ಯಾರು ಕೇಳಿದರೂ ಓ.ಟಿ.ಪಿ. ಹೇಳಬೇಡಿ. ನೀವು ಲಾಗಿನ್ ಮಾಡದೇ ಇರುವಾಗ ಮೊಬೈಲಿನಲ್ಲಿ ಅನುಮತಿ ಕೇಳುವ ಸಂದೇಶ ಬಂದರೆ, ರೈಲಿನ ನೂಕುನುಗ್ಗಲಿನಲ್ಲಿದ್ದರೂ 'ಹೌದು' ಒತ್ತಬೇಡಿ. ನಿಮ್ಮ ಪಾಸ್‌ವರ್ಡ್ ಬೇರೆಯವರ ಕೈಸೇರಿದೆ ಎಂಬುದಕ್ಕೆ ಅದೇ ಸೂಚನೆಯಾಗಿರಬಹುದು, ಕೂಡಲೇ ಬದಲಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಜ್ಞಾನಸ್ನಾನ, ವಿವಾಹಗಳ ದಾಖಲೆ, ಶಾಲಾ ಮಕ್ಕಳ ವಿವರ, ಬಡವರ ನಿಧಿ, ಕಷ್ಟದಲ್ಲಿರುವವರು ನಂಬಿಕೆಯಿಂದ ಬರೆದ ಪತ್ರ, ಇವೆಲ್ಲ ಇಂದು ಗಣಕಯಂತ್ರದಲ್ಲಿವೆ. ಜನರು ನಮಗೆ ಒಪ್ಪಿಸಿದ ಈ ಸೊತ್ತಿಗೆ ನಾವು ಕಾವಲುಗಾರರು ಮಾತ್ರ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ ಹತ್ತು ನಿಮಿಷವನ್ನು ಇದಕ್ಕಾಗಿ ಮೀಸಲಿಡೋಣ.