ಬೀಳಗಿಯ ದನಿ, ಬಾಂಬೆಯ ಪರದೆ

ನಮ್ಮ ಹಾಸ್ಟೆಲಿನಲ್ಲಿ ಜಮಖಂಡಿ, ಮುಧೋಳ, ಬನಹಟ್ಟಿ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಬೀಳಗಿಯ ಅಮೀರ್‌ಬಾಯಿ ಗೊತ್ತಾ ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡ್ತಾರೆ. ನನಗೂ ಮೊನ್ನೆ ಮೊನ್ನೆವರೆಗೆ ಗೊತ್ತಿರಲಿಲ್ಲ ಬಿಡಿ.

ಅಮೀರ್‌ಬಾಯಿ ಕರ್ನಾಟಕಿ ಹುಟ್ಟಿದ್ದು ಬೀಳಗಿಯಲ್ಲಿ, ನಾಟಕ-ಸಂಗೀತದ ಮನೆತನದಲ್ಲಿ. ಆಗ ಮುಧೋಳ, ಜಮಖಂಡಿ ಸಂಸ್ಥಾನಗಳು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯಲ್ಲಿತ್ತು, ಅಂದ್ರೆ ಮುಂಬಯಿ ಪ್ರಾಂತ್ಯ. ಹಾಗಾಗಿ ಇಲ್ಲಿನ ಕಲಾವಿದರ ಕಣ್ಣು ಬೆಂಗಳೂರಿನ ಮೇಲಲ್ಲ, ಮುಂಬಯಿ ಮೇಲೆ. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಗೆ ಹೋಗಿ, ಹೆಣ್ಣುಪಾತ್ರಗಳಿಗೇ ಹೆಸರಾಗಿದ್ದ ಬಾಲಗಂಧರ್ವರ ಮಂಡಳಿಯಲ್ಲಿ ನಟಿಯಾದರು. ಅಮೀರ್‌ಬಾಯಿ ನಾಟಕ, ಗ್ರಾಮಫೋನ್ ಹಾಡು ದಾಟಿ 1934ರ 'ವಿಷ್ಣು ಭಕ್ತಿ'ಯಿಂದ ಸಿನಿಮಾಕ್ಕೆ ಬಂದರು.

ಇಲ್ಲಿಂದ ಮುಂದಿನ ಕಥೆಗೆ ಸ್ವಲ್ಪ ಎಂಜಿನಿಯರಿಂಗ್ ಬೇಕು. ಆಗಿನ ಸಿನಿಮಾದಲ್ಲಿ ಕ್ಯಾಮೆರಾ ಓಡುತ್ತಿರುವಾಗಲೇ ನಟಿ ಹಾಡಬೇಕು. ಮೈಕು, ವಾದ್ಯದವರು ಚೌಕಟ್ಟಿನ ಹೊರಗೆ ಅಡಗಿರಬೇಕು. ಹಾಡು ತಪ್ಪಿದರೆ ಇಡೀ ಶಾಟ್ ಮತ್ತೆ. ಅದಕ್ಕೇ ಹಾಡಲು ಬರುವ ನಟಿಯರಿಗೆ ಬೇಡಿಕೆ, ಕಂಪನಿ ನಾಟಕದಲ್ಲಿ ಪಳಗಿದವರಿಗಂತೂ ಇನ್ನೂ ಹೆಚ್ಚು. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು 'ಧೂಪ್ ಛಾಂವ್' ಚಿತ್ರದಲ್ಲಿ ಪ್ಲೇಬ್ಯಾಕ್ ತಂದರು. ಹಾಡನ್ನು ಮೊದಲೇ ಮುದ್ರಿಸಿಕೊಂಡು, ಸೆಟ್ಟಿನಲ್ಲಿ ಅದನ್ನು ನುಡಿಸಿ, ತುಟಿ ಮಾತ್ರ ಆಡಿಸುವುದು. ಅಲ್ಲಿಗೆ ಮುಖ ಒಬ್ಬರದು, ದನಿ ಇನ್ನೊಬ್ಬರದು ಆಯ್ತು.

ಅಮೀರ್‌ಬಾಯಿಗೆ ಇದು ವರ. ನಟಿಯಾಗಿ ಸಿಗದ ಎತ್ತರ ದನಿಗೆ ಸಿಕ್ಕಿತು. 1943ರ 'ಕಿಸ್ಮತ್'ನಲ್ಲಿ ಅನಿಲ್ ಬಿಸ್ವಾಸ್ ಸಂಗೀತ. ಪರದೆ ಮೇಲೆ ಮುಮ್ತಾಜ್ ಶಾಂತಿ, ದನಿ ನಮ್ಮ ಬೀಳಗಿಯದು. ಕಲ್ಕತ್ತೆಯ ರಾಕ್ಸಿಯಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಓಡಿತು. ಪರಕೀಯರಿಗೆ ದೂರ ಸರಿಯಿರಿ ಅನ್ನುವ ಅದರ ಸಮೂಹಗೀತೆಯಲ್ಲೂ ಅವರಿದ್ದಾರೆ. ಕವಿ ಪ್ರದೀಪ್ ಅದರಲ್ಲಿ ಜರ್ಮನಿ, ಜಪಾನಿನ ಹೆಸರು ಹಾಕಿದ್ದರಿಂದ ಬ್ರಿಟಿಷ್ ಸೆನ್ಸಾರ್ ಬಾಯಿ ಮುಚ್ಚಿಕೊಂಡಿತು. ಕೇಳುವವರಿಗೆ ಯಾರಿಗೆ ಹೇಳಿದ್ದು ಅಂತ ಗೊತ್ತಿತ್ತು! ಮರುವರ್ಷ ನೌಶಾದರ 'ರತನ್'. 1948ರ 'ಶಹನಾಜ್'ಗೆ ಸಂಗೀತ ಕೊಟ್ಟದ್ದೂ ಇವರೇ. ಒಬ್ಬ ಹೆಣ್ಣುಮಗಳು ಆ ಕಾಲದಲ್ಲಿ ಸಂಗೀತ ನಿರ್ದೇಶಕಿ ಅಂದ್ರೆ ಸಣ್ಣ ಮಾತಲ್ಲ.

ಮನೆಯಲ್ಲಿ ಮಾತ್ರ ಸುಖವಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಕಷ್ಟದಲ್ಲೇ ಮುರಿಯಿತು.

ಕೊಟ್ಟ ತಂತ್ರವೇ ಕೊನೆಗೆ ಕಿತ್ತುಕೊಂಡಿತು ಅನ್ನಬೇಕು. ಮುಖ ಬೇಕಿಲ್ಲ ಅಂದಮೇಲೆ ದನಿ ಬದಲಾಯಿಸುವುದು ಸುಲಭ. ನಾಟಕದ ಕೊನೇ ಸಾಲಿಗೂ ಮುಟ್ಟುವ ತುಂಬುಕಂಠದ ಬದಲು ಮೈಕಿಗೆ ಹೊಂದುವ ತೆಳುದನಿ ರುಚಿಸತೊಡಗಿತು. 1949ರ 'ಮಹಲ್' ನಂತರ ಎಲ್ಲರಿಗೂ ಲತಾ ಬೇಕಾದರು. ಅಮೀರ್‌ಬಾಯಿ ಮತ್ತೆ ನಟನೆಗೇ ಮರಳಿದರು, ಸಣ್ಣಪುಟ್ಟ ಪಾತ್ರಗಳಿಗೆ. ತೀರಿಕೊಂಡದ್ದು 1965ರಲ್ಲಿ.

ವಿಜಯಪುರದ ಅಮೀರ್ ಟಾಕೀಸ್ ಹೆಸರು ಕೇಳಿದ್ದೀರಲ್ಲ, ಆ ಅಮೀರ್ ಇವರೇ. ರಹಮತ್ ತರೀಕೆರೆ ಇವರ ಬಗ್ಗೆ ಕನ್ನಡದಲ್ಲಿ ಒಂದಿಡೀ ಪುಸ್ತಕ ಬರೆದಿದ್ದಾರೆ. ಸೆಮಿಸ್ಟರ್ ರಜೆಯಲ್ಲಿ ಸಿಕ್ಕರೆ ಓದಿ.