ಮಲ್ಲಿಗೆಯೂರಿನ ಬೇಗದಡುಗೆ

ಕರಾವಳಿಯ ಶಂಕರಪುರದ ಮಲ್ಲಿಗೆ ಯಾರಿಗೂ ಕಾಯುವುದಿಲ್ಲ. ಬೆಳಿಗ್ಗೆಯೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ಕಳಿಸಬೇಕು. ಚೆಂಡಿಗೆ ಸುಮಾರು 800 ಮೊಗ್ಗು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮನೆಮಂದಿಯ ಕೈಯೆಲ್ಲ ಹೂವಿನಲ್ಲಿರುವಾಗ ಒಲೆಯ ಮುಂದೆ ನಿಲ್ಲುವವರು ಯಾರು?

ಇಂಥ ಹೊತ್ತಿಗೆ ನೀರುದೋಸೆಯಷ್ಟು ಒದಗುವ ತಿಂಡಿ ಬೇರಿಲ್ಲ. ರಾತ್ರಿ ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ನೀರು ಬೆರೆಸಿ ತೆಳ್ಳಗೆ ಮಾಡಿದರಾಯಿತು. ಉದ್ದು ಬೇಡ, ಹಿಟ್ಟು ಹುಳಿ ಬರಲೆಂದು ಕಾಯುವುದೂ ಬೇಡ. ಕಾದ ಕಾವಲಿಗೆ ಹೊಯ್ದು ಮುಚ್ಚಿದರೆ ಸಾಕು, ಮಗುಚುವ ಕೆಲಸವಿಲ್ಲ. ಬೆಲ್ಲ, ತೆಂಗಿನತುರಿ ಕಲಸಿಟ್ಟರೆ ಚಟ್ನಿ ರುಬ್ಬುವ ಗೋಜೂ ತಪ್ಪುತ್ತದೆ.

ಮಧ್ಯಾಹ್ನಕ್ಕೆ ತಂಬುಳಿ. ಒಂದೆಲಗ, ತೆಂಗಿನತುರಿ, ಜೀರಿಗೆ ರುಬ್ಬಿ ಮಜ್ಜಿಗೆಗೆ ಸೇರಿಸಿ ಒಗ್ಗರಣೆ ಕೊಟ್ಟರೆ ಮುಗಿಯಿತು. ಕುದಿಸುವ ಪ್ರಶ್ನೆಯೇ ಇಲ್ಲ. ಹತ್ತಿರದ ಮಟ್ಟು ಗ್ರಾಮದ ಗುಳ್ಳ ಸಿಕ್ಕಿದರಂತೂ ಊಟಕ್ಕೆ ಕಳೆ. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಈ ಬದನೆಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು, ಹಸಿಮೆಣಸು, ಹುಳಿ, ಉಪ್ಪು ಹಾಕಿ ಕಿವುಚಿದರೆ ಗೊಜ್ಜು. ಗ್ಯಾಸಿನ ಉರಿಯಲ್ಲೂ ಸುಡಬಹುದು, ಆದರೆ ಕೆಂಡದ ಘಮ ಬಾರದು.

ಹತ್ತಿಪ್ಪತ್ತು ನೆಂಟರು ಬಂದರೆ? ಕರಾವಳಿಯ ಉತ್ತರ ಸಜ್ಜಿಗೆ-ಬಜಿಲ್: ಒಂದು ಬಾಣಲೆ ಉಪ್ಪಿಟ್ಟು, ಜೊತೆಗೆ ತೆಂಗಿನತುರಿ, ಬೆಲ್ಲ, ಖಾರದ ಪುಡಿ ಹಾಕಿ ಕಲಸಿದ ತೆಳು ಅವಲಕ್ಕಿ. ಅವಲಕ್ಕಿಯನ್ನು ಬೇಯಿಸಬೇಕಿಲ್ಲ, ಮಂದಿ ಹೆಚ್ಚಾದರೆ ಇನ್ನೆರಡು ಹಿಡಿ ಸೇರಿಸಿ ಕಲಸಿದರಾಯಿತು.